ವೈರಿಯನ್ನು ಹುಡುಕುತ್ತ ಹೊರಟ ಸೈನ್ಯ

1882ರ ಸೆಪ್ಟೆಂಬರ್ 19ರಂದು ಮುಂಬಯಿ ಬಂದರಿನಲ್ಲಿ ಪೊಲೀಸರು ಕಾದು ನಿಂತಿದ್ದರು. ಇಂಗ್ಲೆಂಡಿನಿಂದ ಒಂದು ‘ಸೈನ್ಯ’ ಹಿಂದುಸ್ತಾನದ ಮೇಲೆ ದಂಡೆತ್ತಿ ಬರುತ್ತಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹಡಗಿನಿಂದ ಇಳಿದವರು ನಾಲ್ಕೇ ಜನ, ಮೂವರು ಗಂಡಸರು ಮತ್ತು ಒಬ್ಬ ಹೆಂಗಸು. ಉಳಿದ ಪಡೆ ಯಾವಾಗ ಬರುತ್ತದೆ ಎಂದು ಅಧಿಕಾರಿ ಕೇಳಿದನಂತೆ. ಇರುವುದೇ ಇಷ್ಟು ಎಂಬ ಉತ್ತರ ಕೇಳಿ ಅವನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲವಂತೆ. ಸೈನ್ಯದ ಹಳಬರು ಈ ಕತೆಯನ್ನು ಹೇಳಿ ದಣಿದದ್ದಿಲ್ಲ.

ಮುಕ್ತಿಫೌಜು ಎಂದು ಉತ್ತರದಲ್ಲಿ ಹೆಸರಾದ, ನಾವು ಸಾಲ್ವೇಷನ್ ಆರ್ಮಿ ಎಂದೇ ಕರೆದು ರೂಢಿಯಾದ ಸಂಸ್ಥೆ ಭಾರತಕ್ಕೆ ಕಾಲಿಟ್ಟ ಬಗೆ ಇದು. ಕ್ರೈಸ್ತ ಸಭೆಗೆ ಯುದ್ಧದ ಮಾತು ಹೊಸದೇನಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ನಡುಕಟ್ಟು, ಎದೆಕವಚ, ಗುರಾಣಿ, ಶಿರಸ್ತ್ರಾಣ, ಕತ್ತಿ ಎಲ್ಲವೂ ಬರುತ್ತವೆ. ಹೋರಾಟ ರಕ್ತಮಾಂಸದ ಮನುಷ್ಯರ ಮೇಲಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಬಹಳಷ್ಟು ಸಭೆಗಳು ಇದನ್ನು ಭಾನುವಾರ ಓದಿ, ಆಮೆನ್ ಎಂದು ಮನೆಗೆ ಹೋಗುತ್ತವೆ. ಈ ಸೈನ್ಯ ಮಾತ್ರ ಇದನ್ನು ಅಕ್ಷರಶಃ ತೆಗೆದುಕೊಂಡು ಸಮವಸ್ತ್ರ ಹೊಲಿಸಿತು, ಬಾವುಟ ಹಿಡಿಯಿತು, ಬ್ಯಾಂಡು ಕಟ್ಟಿತು, ಹುದ್ದೆ ಹಂಚಿತು. ಸೈನ್ಯ ಅಂದಮೇಲೆ ಎದುರಿಗೊಬ್ಬ ವೈರಿ ಬೇಕು. ನೂರರವತ್ತು ವರ್ಷಗಳ ಈ ಚರಿತ್ರೆಯನ್ನು ಓದುವಾಗ ನನ್ನ ಕಣ್ಣು ಹೋದದ್ದೆಲ್ಲ ಆ ಒಂದೇ ಕಡೆಗೆ: ಆಯಾ ಕಾಲಕ್ಕೆ ಈ ಸೈನ್ಯ ಯಾರನ್ನು, ಯಾವುದನ್ನು ವೈರಿ ಎಂದು ಎಣಿಸಿತು? ಅದರ ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಆ ಎಣಿಕೆಯಲ್ಲೇ ಇವೆ.

ಸ್ಥಾಪಕ ವಿಲಿಯಂ ಬೂತ್ ಹುಟ್ಟಿದ್ದು 1829ರಲ್ಲಿ, ನಾಟಿಂಗ್‌ಹ್ಯಾಮಿನಲ್ಲಿ. ಹದಿಮೂರಕ್ಕೇ ಗಿರವಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬಡತನ ಎಂದರೇನೆಂದು ತಿಳಿಯಲು ಗಿರವಿ ಅಂಗಡಿಗಿಂತ ಒಳ್ಳೆಯ ಶಾಲೆ ಬೇರೆ ಇರಲಿಕ್ಕಿಲ್ಲ. ಮುಂದೆ ಮೆಥಡಿಸ್ಟ್ ಪಂಗಡದ ಬೋಧಕನಾದ. ಒಂದೇ ಊರಿನ ಸಭೆಗೆ ಕಟ್ಟುಬಿದ್ದು ಕೂರಲು ಒಲ್ಲದೆ ಅಲ್ಲಿಂದ ಹೊರಬಿದ್ದ. 1865ರ ಬೇಸಿಗೆಯಲ್ಲಿ ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ ರಸ್ತೆಯಲ್ಲಿ, ‘ಬ್ಲೈಂಡ್ ಬೆಗ್ಗರ್’ ಎಂಬ ಹೆಂಡದಂಗಡಿಯ ಎದುರು ನಿಂತು ಪ್ರಸಂಗ ಮಾಡಿದ. ಆಮೇಲೆ ಕ್ವೇಕರರ ಹಳೆಯ ಸ್ಮಶಾನದಲ್ಲಿ ಡೇರೆ ಹಾಕಿ ಕೂಟ ನಡೆಸಿದ. ಡೇರೆ ಗಾಳಿಗೆ ಹರಿದುಹೋದಾಗ ಕುಣಿತದ ಹಾಲು, ಖಾಲಿ ಗೋದಾಮು, ಸಿಕ್ಕಲ್ಲಿ ಸಭೆ. ಆಗಿನ ಇಂಗ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ಬೆಂಚುಗಳಿಗೆ ಬಾಡಿಗೆ ಇತ್ತು. ಹರಕು ಅಂಗಿಯವನು ಹಿಂದೆಲ್ಲೋ ನಿಲ್ಲಬೇಕು. ಬೂತನ ಕೂಟಕ್ಕೆ ಬರುತ್ತಿದ್ದವರು ಅಂಥವರೇ.

ಕ್ರಿಶ್ಚಿಯನ್ ಮಿಷನ್ ಎಂಬ ಹೆಸರಿನ ಈ ಕೆಲಸ 1878ರಲ್ಲಿ ‘ಸಾಲ್ವೇಷನ್ ಆರ್ಮಿ’ ಆಯಿತು. ಹೆಸರು ಬದಲಾದದ್ದೇ ತಡ, ಉಳಿದುದೆಲ್ಲ ತಾನಾಗಿ ಹಿಂಬಾಲಿಸಿತು. ಬೂತ್ ‘ಜನರಲ್’ ಆದ, ಬೋಧಕರು ಕ್ಯಾಪ್ಟನ್, ಮೇಜರ್ ಆದರು. ಪ್ರಾರ್ಥನಾ ಕೂಟ ‘ಮೊಣಕಾಲಿನ ಕವಾಯತು’ ಆಯಿತು, ಕಾಣಿಕೆ ಹಾಕುವುದು ‘ತೋಟಾ ಹಾರಿಸುವುದು’ ಆಯಿತು. ಸತ್ತವರನ್ನು ‘ಮಹಿಮೆಗೆ ಬಡ್ತಿ ಹೊಂದಿದರು’ ಎನ್ನತೊಡಗಿದರು. ಇಂದಿಗೂ ಹಾಗೇ ಅನ್ನುತ್ತಾರೆ. ಸೇರುವವನು ಯುದ್ಧದ ಕರಾರುಪತ್ರಕ್ಕೆ ಸಹಿ ಹಾಕಬೇಕು, ಹೆಂಡ ಬಿಡಬೇಕು. ಬಾವುಟದ ಕೆಂಪು ಕ್ರಿಸ್ತನ ರಕ್ತಕ್ಕೆ, ನೀಲಿ ಪಾವಿತ್ರ್ಯಕ್ಕೆ, ನಡುವಿನ ಹಳದಿ ನಕ್ಷತ್ರ ಪವಿತ್ರಾತ್ಮನ ಬೆಂಕಿಗೆ. ‘ವಾರ್ ಕ್ರೈ’ ಪತ್ರಿಕೆ 1879ರ ಡಿಸೆಂಬರಿನಲ್ಲಿ ಹೊರಬಂತು. ಬ್ಯಾಂಡಿನ ಹುಟ್ಟು ಇನ್ನೂ ತಮಾಷೆಯದು. ಸಾಲಿಸ್‌ಬರಿಯಲ್ಲಿ ಪುಂಡರ ಕಾಟದಿಂದ ಕಾಪಾಡಲೆಂದು ಬಂದ ಗುತ್ತಿಗೆದಾರ ಚಾರ್ಲ್ಸ್ ಫ್ರೈ ಮತ್ತು ಅವನ ಮೂವರು ಗಂಡುಮಕ್ಕಳು ಕೈಯಲ್ಲಿ ತುತ್ತೂರಿಗಳನ್ನೂ ಹಿಡಿದು ಬಂದಿದ್ದರು. ಕಾವಲಿಗೆ ಬಂದವರು ವಾದ್ಯಗಾರರಾದರು. ಕಲ್ಲು ತೂರುವವರ ಕೂಗಾಟವನ್ನು ಮೀರಿಸುವ ಸದ್ದು ತುತ್ತೂರಿಯದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತೆಂದು ಕಾಣುತ್ತದೆ.

1883ರ ಹೊತ್ತಿಗೆ ಬೂತ್ ದೀಕ್ಷಾಸ್ನಾನವನ್ನೂ ಕರ್ತನ ಭೋಜನವನ್ನೂ ಕೈಬಿಟ್ಟ. ಬೇರೆ ಸಭೆಗಳವರಿಗೆ ಇದು ಇಂದಿಗೂ ಅರಗದ ವಿಷಯ. ಸೈನ್ಯದವರ ವಾದ ಸರಳ: ಒಳಗಿನ ಬದಲಾವಣೆ ಮುಖ್ಯ, ಸಂಸ್ಕಾರ ಅದಕ್ಕೆ ಷರತ್ತಲ್ಲ. ನಾನು ಒಪ್ಪುವುದಿಲ್ಲ, ಆದರೆ ಹೆಂಡ ಬಿಟ್ಟು ಬಂದವನ ಕೈಗೆ ದ್ರಾಕ್ಷಾರಸದ ಬಟ್ಟಲು ಕೊಡಬೇಕೇ ಎಂದು ಅವರು ಕೇಳಿದ್ದನ್ನು ತಳ್ಳಿಹಾಕುವುದೂ ಸುಲಭವಲ್ಲ.

ಮೊದಲ ವೈರಿ ಹೆಂಡ. ಹೆಂಡದ ಅಂಗಡಿಯವರು ಸುಮ್ಮನಿರಲಿಲ್ಲ. ದಕ್ಷಿಣ ಇಂಗ್ಲೆಂಡಿನ ಊರೂರುಗಳಲ್ಲಿ ‘ಸ್ಕೆಲಿಟನ್ ಆರ್ಮಿ’ ಎಂಬ ಎದುರು ಪಡೆ ಹುಟ್ಟಿತು. ತಲೆಬುರುಡೆಯ ಬಾವುಟ ಹಿಡಿದು ಮೆರವಣಿಗೆಯ ಮೇಲೆ ಕಲ್ಲು, ಸತ್ತ ಇಲಿ, ಹಿಟ್ಟು, ಕೆಮ್ಮಣ್ಣು ಎಸೆಯುವುದು ಇವರ ಕಸುಬು. 1882ರ ಒಂದೇ ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಪೆಟ್ಟು ತಿಂದರು. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೆಂಗಸರು. ಮ್ಯಾಜಿಸ್ಟ್ರೇಟರು ಮಾಡಿದ್ದೇನು? ಹೊಡೆದವರನ್ನು ಬಿಟ್ಟು, ಹೊಡೆಸಿಕೊಂಡವರನ್ನು ಹಿಡಿದರು. ವೆಸ್ಟನ್-ಸೂಪರ್-ಮೇರ್ ಎಂಬ ಕಡಲತೀರದ ಊರಿನಲ್ಲಿ ಮೆರವಣಿಗೆ ನಡೆಸಿದ ಕ್ಯಾಪ್ಟನ್ ಬೀಟಿ ಮತ್ತು ಜತೆಗಾರರು ಶಾಂತಿಭಂಗ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕೆಂದು ಆಜ್ಞೆಯಾಯಿತು. ಅವರು ಮೇಲಿನ ಕೋರ್ಟಿಗೆ ಹೋದರು. 1882ರ ಬೀಟಿ ವಿರುದ್ಧ ಗಿಲ್‌ಬ್ಯಾಂಕ್ಸ್ ತೀರ್ಪು ಬಂತು: ಕಾನೂನುಬದ್ಧವಾಗಿ ಸೇರಿದವರನ್ನು, ಬೇರೆಯವರು ಗಲಭೆ ಮಾಡಿಯಾರು ಎಂಬ ಕಾರಣಕ್ಕೆ ತಪ್ಪಿತಸ್ಥರನ್ನಾಗಿ ಮಾಡಲಾಗದು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಇದನ್ನು ಓದುತ್ತಾರೆ. ತುತ್ತೂರಿ ಊದಿಕೊಂಡು ಬೀದಿಯಲ್ಲಿ ಹಾಡುತ್ತಿದ್ದ ಕೂಲಿಕಾರರು, ಮುಂದೆ ಯಾವ ಧರ್ಮದವನೂ ಧರ್ಮವಿಲ್ಲದವನೂ ಬೀದಿಗಿಳಿದು ಸಭೆ ಸೇರಲು ಆಸರೆಯಾಗುವ ತೀರ್ಪನ್ನು ಗೆದ್ದುಕೊಟ್ಟರು. ಸ್ಮರಣ ಸಂಚಿಕೆಗಳಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದಿಲ್ಲ. ಪವಾಡಗಳಿಗೆ ಪುಟಗಟ್ಟಲೆ ಸಿಗುತ್ತದೆ.

ಆ ಪೆಟ್ಟು ತಿಂದ ಹೆಂಗಸರ ಹಿಂದೆ ಬೂತನ ಹೆಂಡತಿ ಕ್ಯಾಥರಿನ್ ಬೂತ್ ಇದ್ದಳು. ಹೆಂಗಸರು ಬೋಧಿಸಬಹುದು ಎಂದು 1859ರಲ್ಲೇ ಕಿರುಹೊತ್ತಗೆ ಬರೆದವಳು. ಮರುವರ್ಷ ಗೇಟ್ಸ್‌ಹೆಡ್ಡಿನ ಸಭೆಯಲ್ಲಿ ಎದ್ದುನಿಂತು ತಾನೂ ಮಾತಾಡಿದಳು. ಗಂಡನಿಗಿಂತ ಚೆನ್ನಾಗಿ ಬೋಧಿಸುತ್ತಾಳೆ ಎಂದು ಎಷ್ಟೋ ಮಂದಿಗೆ ಅನಿಸಿತ್ತು. ಸೈನ್ಯದಲ್ಲಿ ಹೆಂಗಸಿಗೆ ಯಾವ ಹುದ್ದೆಯೂ ನಿಷಿದ್ಧವಲ್ಲ ಎಂಬ ನಿಯಮ ಅವಳಿಂದಲೇ ಬಂತು. 1934ರಲ್ಲಿ ಅವಳ ಮಗಳು ಇವಾಂಜೆಲಿನ್ ಜನರಲ್ ಆಗಿ ಆಯ್ಕೆಯಾದಳು. ಮದುವೆಯಾದ ಹೆಂಗಸಿನ ಹುದ್ದೆ ಮಾತ್ರ ಬಹುಕಾಲ ಗಂಡನ ಹುದ್ದೆಯ ಬಾಲ ಹಿಡಿದೇ ನಡೆಯಿತು ಎಂಬುದನ್ನೂ ಹೇಳಿಬಿಡಬೇಕು.

ಹತ್ತಿರದಿಂದ ನೋಡಬೇಕಾದ ಕದನಗಳು ಎರಡು. ಮೊದಲನೆಯದು 1885ರದು. ಆಗ ಇಂಗ್ಲೆಂಡಿನಲ್ಲಿ ಹುಡುಗಿಯ ಸಮ್ಮತಿಯ ವಯಸ್ಸು ಹದಿಮೂರು. ಲಂಡನ್ನಿನ ವೇಶ್ಯಾಗೃಹಗಳಿಗೆ ಹುಡುಗಿಯರನ್ನು ಮಾರುವ ದಂಧೆಯನ್ನು ಪತ್ರಕರ್ತ ಸ್ಟೆಡ್ ಬಯಲಿಗೆಳೆದ. ಎಷ್ಟು ಸುಲಭವೆಂದು ತೋರಿಸಲು ತಾನೇ ಒಬ್ಬ ಹುಡುಗಿಯನ್ನು ಐದು ಪೌಂಡಿಗೆ ‘ಕೊಂಡ’. ಅವನಿಗೆ ನೆರವಾದವನು ಬೂತನ ಹಿರಿಮಗ ಬ್ರ್ಯಾಮ್‌ವೆಲ್. ಸೈನ್ಯ ಹದಿನೇಳು ದಿನಗಳಲ್ಲಿ 3,93,000 ಸಹಿ ಕೂಡಿಸಿ ಅರ್ಜಿಯನ್ನು ಪಾರ್ಲಿಮೆಂಟಿಗೆ ಹೊತ್ತೊಯ್ದಿತು. ವಯಸ್ಸು ಹದಿನಾರಕ್ಕೇರಿತು. ಸ್ಟೆಡ್ ಜೈಲಿಗೆ ಹೋದ, ಬ್ರ್ಯಾಮ್‌ವೆಲ್ ಕಟಕಟೆಯಲ್ಲಿ ನಿಂತು ಬಿಡುಗಡೆಯಾದ.

ಎರಡನೆಯದು ಬೆಂಕಿಪೊಟ್ಟಣದ್ದು. ಅಗ್ಗದ ಕಡ್ಡಿಗಳಿಗೆ ಬಿಳಿ ರಂಜಕ ಬಳಸುತ್ತಿದ್ದ ಕಾಲ. ಅದರ ಹೊಗೆ ಹುಳುಕು ಹಲ್ಲಿನ ಮೂಲಕ ದವಡೆಗೆ ಇಳಿದು ಎಲುಬನ್ನೇ ಕೊಳೆಸುತ್ತಿತ್ತು. ಹೆಚ್ಚಾಗಿ ಹುಡುಗಿಯರೇ ಈ ಕೆಲಸ ಮಾಡುತ್ತಿದ್ದರು. ಮುಖ ಊದಿ, ಕೀವು ಸೋರಿ, ವಾಸನೆಗೆ ಮನೆಯವರೂ ಹತ್ತಿರ ಕೂರದ ಸ್ಥಿತಿ. ರೋಗ ಯಾವುದು, ಬರುವುದು ಯಾವುದರಿಂದ ಎಂದು ಮಾಲೀಕರಿಗೆ ಗೊತ್ತಿತ್ತು. ಬದಲಿ ಕೆಂಪು ರಂಜಕ ಇತ್ತು, ಬೆಲೆ ಹೆಚ್ಚು ಅಷ್ಟೆ. 1891ರಲ್ಲಿ ಸೈನ್ಯ ಓಲ್ಡ್ ಫೋರ್ಡಿನಲ್ಲಿ ತನ್ನದೇ ಕಾರ್ಖಾನೆ ತೆರೆಯಿತು. ಗಾಳಿ ಬೆಳಕಿನ ಕೋಣೆ, ಕೆಂಪು ರಂಜಕ, ಬೇರೆಯವರು ಒಂದು ಗ್ರೋಸ್ ಪೊಟ್ಟಣಕ್ಕೆ ಎರಡೂವರೆ ಪೆನ್ನಿ ಕೊಡುತ್ತಿದ್ದಲ್ಲಿ ನಾಲ್ಕು ಪೆನ್ನಿ ಕೂಲಿ. ಎಂಪಿಗಳನ್ನೂ ಪತ್ರಕರ್ತರನ್ನೂ ಕರೆದು ತೋರಿಸಿದರು. ವ್ಯಾಪಾರವಾಗಿ ಅದು ಬಾಳಲಿಲ್ಲ, ಹತ್ತು ವರ್ಷದಲ್ಲಿ ಮುಚ್ಚಿತು. ಅಷ್ಟರಲ್ಲಿ ದೊಡ್ಡ ಕಂಪನಿಯವರು ಬಿಳಿ ರಂಜಕ ಬಿಟ್ಟಿದ್ದರು. 1908ರ ಕಾಯ್ದೆ 1910ರಿಂದ ಅದನ್ನು ನಿಷೇಧಿಸಿತು. ನೋಡಿ, ಇಲ್ಲಿ ಸೈತಾನನಿಗೆ ಕೊಂಬು ಬಾಲ ಇರಲಿಲ್ಲ. ಅವನಿದ್ದದ್ದು ಅರ್ಧ ಪೆನ್ನಿ ಉಳಿಸುವ ಲೆಕ್ಕದ ಪುಸ್ತಕದಲ್ಲಿ. 1890ರಲ್ಲಿ, ಕ್ಯಾಥರಿನ್ ಕ್ಯಾನ್ಸರಿನಿಂದ ತೀರಿಕೊಂಡ ಅಕ್ಟೋಬರ್ ತಿಂಗಳಲ್ಲೇ, ಬೂತನ ‘ಇನ್ ಡಾರ್ಕೆಸ್ಟ್ ಇಂಗ್ಲೆಂಡ್’ ಪ್ರಕಟವಾಯಿತು. ಲಂಡನ್ನಿನ ಬಾಡಿಗೆ ಬಂಡಿಯ ಕುದುರೆಗೆ ಇರುವ ತಂಗಲು, ಮೇವು, ಕೆಲಸ ಇಲ್ಲಿನ ಮನುಷ್ಯನಿಗಿಲ್ಲ ಎಂಬುದೇ ಅದರ ವಾದದ ಬೇರು. ಆತ್ಮ ಉಳಿಸಲು ಹೊರಟವನಿಗೆ ಹೊಟ್ಟೆ ಕಾಣಿಸಲು ಇಪ್ಪತ್ತೈದು ವರ್ಷ ಹಿಡಿದಿತ್ತು.

ಇನ್ನು ಹಿಂದುಸ್ತಾನಕ್ಕೆ ಬರೋಣ. ಮುಂಬಯಿಯಲ್ಲಿ ಇಳಿದ ನಾಲ್ವರ ಮುಖ್ಯಸ್ಥ ಫ್ರೆಡರಿಕ್ ಟಕರ್. ಹುಟ್ಟಿದ್ದು ಬಿಹಾರದ ಮುಂಗೇರಿನಲ್ಲಿ. ಐಸಿಎಸ್ ಪಾಸು ಮಾಡಿ ಪಂಜಾಬಿನಲ್ಲಿ ಅಸಿಸ್ಟೆಂಟ್ ಕಮಿಷನರ್ ಆಗಿದ್ದ. ‘ವಾರ್ ಕ್ರೈ’ ಕೈಗೆ ಸಿಕ್ಕಿತು, ನೌಕರಿಗೆ ರಾಜೀನಾಮೆ ಬರೆದ. ಆ ಕಾಲದಲ್ಲಿ ಐಸಿಎಸ್ ಬಿಡುವುದೆಂದರೆ ಬಂಧುಬಳಗಕ್ಕೆ ಹುಚ್ಚೇ ಸರಿ. ಮುಂಬಯಿ ಸರ್ಕಾರ ಮೆರವಣಿಗೆಗೆ ತಡೆ ಹಾಕಿತು, ಟಕರ್ ತಡೆ ಮೀರಿದ, ಒಂದು ತಿಂಗಳು ಜೈಲು ಕಂಡ. ದೇಶೀ ಜನರ ಮನಸ್ಸು ನೋಯುತ್ತದೆ ಎಂಬುದು ಸರ್ಕಾರದ ನೆಪ. ಆದರೆ ದೇಶೀಯರಲ್ಲೇ ಎಷ್ಟೋ ಮಂದಿ, ಬ್ರಹ್ಮಸಮಾಜದ ಕೇಶವಚಂದ್ರ ಸೇನರೂ ಸೇರಿದಂತೆ, ಇವರ ಪರ ದನಿ ಎತ್ತಿದರು.

ಟಕರ್ ಆಮೇಲೆ ಮಾಡಿದ್ದನ್ನು ಆಗಿನ ಬಿಳಿಯರು ಮರ್ಯಾದೆಗೇಡು ಎಂದೇ ಭಾವಿಸಿದರು. ಬೂಟು ಬಿಚ್ಚಿದ, ಕಾವಿ ಉಟ್ಟ, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡ, ಊರೂರಲ್ಲಿ ಬೇಡಿ ಉಂಡ. ಇಂಗ್ಲೆಂಡಿನಿಂದ ಬಂದ ಹುಡುಗ ಹುಡುಗಿಯರೂ ಬರಿಗಾಲಲ್ಲಿ ನಡೆದರು. ಎಷ್ಟೋ ಜನ ಕಾಲರಾಕ್ಕೂ ಜ್ವರಕ್ಕೂ ತುತ್ತಾದರು. ಟಕರನ ಮೊದಲ ಹೆಂಡತಿ ಲೂಯಿಸಾ 1887ರಲ್ಲಿ ಕಾಲರಾದಿಂದ ತೀರಿಕೊಂಡಳು. ಮರುವರ್ಷ ಬೂತನ ಮಗಳು ಎಮ್ಮಾಳನ್ನು ಮದುವೆಯಾಗಿ ಬೂತ್-ಟಕರ್ ಎನಿಸಿಕೊಂಡ. ವೇಷ ಬದಲಿಸಿದ ಮಾತ್ರಕ್ಕೆ ದೊರೆತನ ಹೋಗುವುದಿಲ್ಲ ಎಂದು ಕೆಲವರು ಮೂಗು ಮುರಿಯಬಹುದು. ಬಂಗಲೆ, ಪಲ್ಲಕ್ಕಿ, ಬಟ್ಲರ್ ಇಲ್ಲದೆ ಮಿಷನ್ ನಡೆಯದು ಎಂದುಕೊಂಡಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಈ ಪೀಳಿಗೆಯ ಒಬ್ಬನ ಕತೆಯನ್ನು ಪೂರ್ತಿ ಹೇಳಬೇಕು. ಹ್ಯಾರಿ ಆಂಡ್ರೂಸ್, 1871ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅನಾಥ. ಎಮ್ಮಾ ಬೂತ್ ಸಾಕಿ ಬೆಳೆಸಿದ ಹುಡುಗ. ಅವಳ ಜತೆಗೇ ಇಂಡಿಯಾಕ್ಕೆ ಬಂದ. ತಿರುವಾಂಕೂರಿನ ನಾಗರಕೋಯಿಲಿನಲ್ಲಿ, 1890ರ ದಶಕದಲ್ಲಿ, ತಾನಿದ್ದ ಮನೆಯ ಸ್ನಾನದ ಕೋಣೆಯಲ್ಲೇ ಔಷಧಿ ಸೀಸೆಗಳನ್ನು ಜೋಡಿಸಿ ಹುಣ್ಣು ಜ್ವರಗಳಿಗೆ ಮದ್ದು ಕೊಡತೊಡಗಿದ. ಆಗ ಅವನು ಡಾಕ್ಟರನಲ್ಲ. ಅಷ್ಟಿಷ್ಟು ಕಲಿತವನು, ಅಷ್ಟೆ. ಆ ಸ್ನಾನದ ಕೋಣೆಯೇ ಬೆಳೆದು ಕ್ಯಾಥರಿನ್ ಬೂತ್ ಆಸ್ಪತ್ರೆ ಆಯಿತು. ಆಂಡ್ರೂಸ್ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಪದವಿ ಪಡೆದು ಬಂದ. ಗುಜರಾತಿನ ಆನಂದ್ ಪಟ್ಟಣದಲ್ಲೂ ಮೊರಾದಾಬಾದಿನಲ್ಲೂ ದುಡಿದ. ಮಹಾಯುದ್ಧದ ಹೊತ್ತಿಗೆ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. 1919ರ ಅಕ್ಟೋಬರ್ 22, ವಜೀರಿಸ್ತಾನದ ಖಜೂರಿ ಠಾಣೆಯ ಹತ್ತಿರ ಸಾಗಣೆಯ ತಂಡದ ಮೇಲೆ ದಾಳಿಯಾಯಿತು. ಆಂಡ್ರೂಸ್ ಗುಂಡುಗಳ ನಡುವೆಯೇ ಗಾಯಾಳುಗಳಿಗೆ ಆಸರೆ ಮಾಡಿಕೊಟ್ಟ. ಅಲ್ಲಿಗೂ ಗುಂಡು ಬರತೊಡಗಿದಾಗ ಜಾಗ ಬದಲಿಸಿದ. ವ್ಯಾನು ಸಿಕ್ಕಿತು, ಒಬ್ಬೊಬ್ಬರನ್ನೇ ಎತ್ತಿ ಹತ್ತಿಸಿದ. ಕೊನೆಗೆ ತಾನು ಹತ್ತಬೇಕು ಎನ್ನುವಾಗ ಗುಂಡು ತಗಲಿ ಸತ್ತ. ವಯಸ್ಸು ನಲವತ್ತೆಂಟು. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು. ಮಾತಿನ ಯುದ್ಧದಲ್ಲೇ ಬೆಳೆದ ಈ ಸೈನಿಕ ನಿಜವಾದ ಯುದ್ಧಭೂಮಿಯಲ್ಲಿ ಮಾಡಿದ್ದು ಬ್ಯಾಂಡೇಜು ಕಟ್ಟುವ ಕೆಲಸ.

ಬೂತ್ 1912ರಲ್ಲಿ ತೀರಿಕೊಂಡ. ಅಧಿಕಾರ ಮಗ ಬ್ರ್ಯಾಮ್‌ವೆಲ್‌ಗೆ ಬಂತು, ಮುಂದಿನ ಜನರಲ್ ಯಾರೆಂದು ಹೆಸರಿಸುವ ಹಕ್ಕೂ ಅವನದೇ. ಪೀಠ ಮನೆತನದ ಸ್ವತ್ತಾಗುವ ಭಯ ನಮ್ಮ ಮಠಗಳಿಗೂ ಸಭೆಗಳಿಗೂ ಹೊಸದೇನಲ್ಲ. 1929ರಲ್ಲಿ ಹಿರಿಯ ಅಧಿಕಾರಿಗಳ ಹೈ ಕೌನ್ಸಿಲ್ ಸೇರಿ, ಕಾಯಿಲೆ ಬಿದ್ದಿದ್ದ ಬ್ರ್ಯಾಮ್‌ವೆಲ್‌ನನ್ನು ಇಳಿಸಿ ಎಡ್ವರ್ಡ್ ಹಿಗಿನ್ಸ್‌ನನ್ನು ಆರಿಸಿತು. ಬ್ರ್ಯಾಮ್‌ವೆಲ್ ಕೋರ್ಟಿಗೆ ಹೋದ. ಅದೇ ವರ್ಷ ಸತ್ತ. ಅಂದಿನಿಂದ ಜನರಲ್‌ಗಳ ಆಯ್ಕೆ ಚುನಾವಣೆಯಿಂದಲೇ.

ಈಗ ಆತ್ಮಿಕ ಯುದ್ಧ ಎಂದರೆ ಬೇರೆಯೇ ಏನೋ ನೆನಪಾಗುವ ಕಾಲ. ಸುವಾರ್ತೆ ಸಾರುವ ಸಭೆಗಳ ಜಾಗತಿಕ ಕೂಟವಾದ ಲೊಸಾನ್ ಚಳವಳಿ 1989ರಲ್ಲಿ ಮನಿಲಾದಲ್ಲಿ ನಡೆಸಿದ ಸಮ್ಮೇಳನದ ಆಚೆಗೆ ಅಮೆರಿಕದ ಬೋಧಕ ಪೀಟರ್ ವ್ಯಾಗ್ನರ್ ಮತ್ತವರ ಜತೆಗಾರರು, ಒಂದೊಂದು ಊರನ್ನೂ ಒಂದೊಂದು ದುರಾತ್ಮ ಆಳುತ್ತದೆ, ನಕಾಶೆ ಬರೆದು ಹೆಸರು ಹಿಡಿದು ಅದನ್ನು ಓಡಿಸಬೇಕು ಎಂಬ ಬೋಧನೆಯನ್ನು ಹರಡಿದರು. ಅದು ಪ್ರಪಂಚವೆಲ್ಲ ಸುತ್ತಿ ನಮ್ಮ ಪ್ರಾರ್ಥನಾ ಮನೆಗಳಿಗೂ ಬಂತು. 2000ದಲ್ಲಿ ನೈರೋಬಿಯಲ್ಲಿ ಲೊಸಾನ್ ಚಳವಳಿಯವರೇ ಕುಳಿತು ಇದನ್ನು ಅಳೆದು ತೂಗಿದರು. ನನಗೆ ಈ ನಕಾಶೆಗಳ ಬಗ್ಗೆ ಇರುವ ಅಳುಕು ಇಷ್ಟೇ: ಊರಿನ ದುರಾತ್ಮದ ವಿಳಾಸ ಕೊನೆಗೆ ಪಕ್ಕದ ಮನೆಯವರ ದೇವರ ಗುಡಿಯೇ ಆಗಿಬಿಡುತ್ತದೆ. ಹೆಂಡದಂಗಡಿ, ಲೇವಾದೇವಿ, ಜಾತಿಯ ಕಟ್ಟುಕಟ್ಟಳೆಗೆ ಆ ನಕಾಶೆಯಲ್ಲಿ ಗುರುತೇ ಬೀಳುವುದಿಲ್ಲ. ರಕ್ತಮಾಂಸದವರ ಮೇಲೆ ಹೋರಾಟವಲ್ಲ ಎಂಬ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಬಾಯಿಪಾಠ ಹೇಳುವವರೇ ಅದನ್ನು ಎಲ್ಲರಿಗಿಂತ ಬೇಗ ಮರೆಯುತ್ತಾರೆ.

ಸಾಲ್ವೇಷನ್ ಆರ್ಮಿಯೂ ಒಮ್ಮೆ ಮರೆಯಿತು. ಸಂಭ್ರಮದ ಸಂಚಿಕೆಯಲ್ಲಿ ಇದು ಬೇಕೇ ಎಂದು ಕೇಳುವವರಿದ್ದಾರೆ, ಬೇಕು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡಿಯ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ಇವರನ್ನು ಒಂದೆಡೆ ಕೂಡಿಹಾಕಿ ‘ಸುಧಾರಿಸಲು’ ಸರ್ಕಾರಕ್ಕೆ ಜನ ಬೇಕಿತ್ತು. 1908ರಲ್ಲಿ ಗೋರಖಪುರದಲ್ಲಿ ಡೋಮರ ಸೆಟ್ಲಮೆಂಟನ್ನು ಬೂತ್-ಟಕರನ ಸೈನ್ಯ ವಹಿಸಿಕೊಂಡಿತು. 1911ರಲ್ಲಿ ಕಾಯ್ದೆ ಇನ್ನಷ್ಟು ಬಿಗಿಯಾಯಿತು, ಸೆಟ್ಲಮೆಂಟುಗಳು ಹೆಚ್ಚಿದವು. ಒಂದು ಕಾಲಕ್ಕೆ ಇದೇ ಸರ್ಕಾರದ ಜೈಲು ಕಂಡು ಕಾವಿ ಉಟ್ಟಿದ್ದವನು ಈಗ ಅದೇ ಸರ್ಕಾರದ ಪರವಾಗಿ ಹಾಜರಿ ಪುಸ್ತಕ ಹಿಡಿದ. ‘ಕ್ರಿಮಿನೊಕ್ಯುರಾಲಜಿ’ ಎಂಬ ಹೆಸರಿನ ಪುಸ್ತಕವನ್ನೂ ಬರೆದ. ಅದರ ತಲೆಬರಹದಲ್ಲೇ ಈ ಜನರನ್ನು ‘ಕ್ರಿಮ್’ ಎಂದು ಮೊಟಕುಗೊಳಿಸಿದ. ಕೆಟ್ಟ ಉದ್ದೇಶ ಅವನದಲ್ಲ. ಮಗ್ಗ, ರೇಷ್ಮೆ, ಬೇಸಾಯ ಕಲಿಸಿದರೆ ಬದುಕು ನೆಟ್ಟಗಾದೀತು ಎಂಬ ನಂಬಿಕೆ ಇತ್ತು. ರೇಷ್ಮೆಯ ಹುಚ್ಚು ಎಷ್ಟೆಂದರೆ, ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನೀ ಪದ್ಧತಿಯಲ್ಲಿ ಶುರುಮಾಡಿದ್ದ ಫಾರಂ ಕೂಡ 1910ರ ಹೊತ್ತಿಗೆ ಈ ಸೈನ್ಯದ ಕೈಗೆ ಬಂತು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಇದೆ. ಮುಕ್ತಿಫೌಜಿನ ನೆನಪು ಇಲ್ಲ.

ಸೆಟ್ಲಮೆಂಟುಗಳಲ್ಲಿ ಹೆಚ್ಚು ಹೆಸರಾದದ್ದು ಗುಂಟೂರು ಸೀಮೆಯ ಸ್ಟುವರ್ಟಪುರಂ, 1913ರ ಸುಮಾರಿಗೆ ಯೆರುಕಲರಿಗಾಗಿ ಕಟ್ಟಿದ್ದು. ಹೆಸರು ಮದ್ರಾಸ್ ಸರ್ಕಾರದ ಹೆರಾಲ್ಡ್ ಸ್ಟುವರ್ಟನದು. ಯೆರುಕಲರೆಂದರೆ ನಮ್ಮಲ್ಲಿ ಕೊರಮ, ಕೊರಚ, ಕೊರವ ಎಂದು ಕರೆಸಿಕೊಳ್ಳುವವರ ನಂಟರೇ. ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದವರು. ರೈಲು ಬಂತು, ಉಪ್ಪು ಸರ್ಕಾರದ ಕೈಸೇರಿತು, ಕಸುಬು ಹೋಯಿತು. ಕಸುಬು ಕಿತ್ತುಕೊಂಡವರೇ ಇವರನ್ನು ಕಳ್ಳರೆಂದರು. ಇಲ್ಲಿ ಹೋರಾಡಬೇಕಾದ ವೈರಿ ಯಾವುದು? ಬೆಂಕಿಕಡ್ಡಿಯ ಕಾರ್ಖಾನೆ ನಡೆಸಿದವರಿಗೆ ಇದು ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ರೋಗ ಯೆರುಕಲನ ರಕ್ತದಲ್ಲೇ ಇದೆ ಎಂಬ ಸರ್ಕಾರದ ನಿದಾನವನ್ನು ಒಪ್ಪಿ ಮದ್ದಿಗೆ ಹೊರಟರು. ಹಾಜರಿ ಕೂಗು, ಊರು ಬಿಡಲು ರಹದಾರಿ, ತಪ್ಪಿದರೆ ಶಿಕ್ಷೆ. ದುಡಿಮೆಗೆ ಹತ್ತಿರದ ಚೀರಾಲದ ಹೊಗೆಸೊಪ್ಪಿನ ಕಂಪನಿ. ತನ್ನ ಅಧಿಕಾರಿಗಳಿಗೆ ಸಿಗರೇಟು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದ ಸೈನ್ಯ, ತನ್ನ ಕಾವಲಿನಲ್ಲಿದ್ದ ಹೆಂಗಸರು ಮಕ್ಕಳು ಹೊಗೆಸೊಪ್ಪಿನ ದೂಳು ಕುಡಿಯುವುದನ್ನು ನೋಡುತ್ತ ನಿಂತಿತು.

ಅಲ್ಲಿ ಶಾಲೆ ನಡೆಯಿತು, ಓದಿ ಮೇಲೆ ಬಂದವರೂ ಇದ್ದಾರೆ, ಇದನ್ನು ಮರೆಮಾಚಬೇಕಿಲ್ಲ. ಆದರೆ ‘ಸ್ಟುವರ್ಟಪುರಂ ದೊಂಗಲು’ ಎಂಬ ಹಣೆಪಟ್ಟಿ ತೆಲುಗು ಸಿನಿಮಾಗಳಿಗೆ ಮೂರು ದಶಕ ಸರಕಾಯಿತು. ಅದೇ ಕಾಯ್ದೆಯ ಇನ್ನೊಂದು ಕೂಸು ಹುಬ್ಬಳ್ಳಿಯ ಸೆಟ್ಲಮೆಂಟ್. ಆ ಪ್ರದೇಶಕ್ಕೆ ಈಗಲೂ ಅದೇ ಹೆಸರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಗಿ ಇವರು ‘ವಿಮುಕ್ತ’ರಾದರು. ಮುಕ್ತಿಯ ಹೆಸರಿನ ಸೈನ್ಯವಲ್ಲ, ಸ್ವತಂತ್ರ ಭಾರತದ ಪಾರ್ಲಿಮೆಂಟು ಕೊಟ್ಟ ಬಿಡುಗಡೆ ಅದು.

ಇಂದು ಈ ಸೈನ್ಯ 130ಕ್ಕೂ ಹೆಚ್ಚು ದೇಶಗಳಲ್ಲಿದೆ. ನೆರೆ, ಭೂಕಂಪ ಬಂದಲ್ಲಿ ಮೊದಲು ಗಂಜಿ ಬೇಯಿಸಲು ಕೂರುವವರಲ್ಲಿ ಇವರೂ ಇರುತ್ತಾರೆ; ನಾಗರಕೋಯಿಲಿನ ಆಸ್ಪತ್ರೆಯ ಬಾಗಿಲು ತೆರೆದೇ ಇದೆ. ಇವುಗಳ ವಿವರ ಈ ಸಂಚಿಕೆಯ ಬೇರೆ ಲೇಖನಗಳಲ್ಲಿ ಬಂದೇ ಬರುತ್ತದೆ. ಸಂಪಾದಕರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಂಚಿಕೆ ತರುವಾಗ ಸ್ಟುವರ್ಟಪುರದ ಅಧ್ಯಾಯವನ್ನು ನನ್ನಂಥವರಿಂದ ಬರೆಸಬೇಡಿ. ಆ ಊರಿನಲ್ಲಿ ಹುಟ್ಟಿ ಬೆಳೆದವರು, ಸೈನ್ಯದ ಶಾಲೆಯಲ್ಲಿ ಕಲಿತವರು, ಹಾಜರಿ ಕೂಗಿಗೆ ನಿಂತ ಅಜ್ಜ ಅಜ್ಜಿಯರ ಬಾಯಿಂದ ಕೇಳಿದವರು ಇದ್ದಾರೆ. ಅವರನ್ನು ಕೇಳಿ, ಪುಟಗಳ ಮಿತಿ ಹಾಕದೆ ಬರೆಸಿ.